ಎರಡು ಬರಹ, ಒಂದು ನಿಯಮ: ಕೋಡ್ ಪರಿಶೀಲಕನ ಧರ್ಮ

ಮನುಷ್ಯನು ಒಂದೇ ಮಾತನ್ನು ಎರಡು ಕಡೆ ಬರೆದಿಟ್ಟಾಗ ಅವನ ಮೇಲೊಂದು ಹೊಣೆ ಬೀಳುತ್ತದೆ. ಒಂದು ಕಡೆ ತಿದ್ದಿದುದನ್ನು ಮತ್ತೊಂದು ಕಡೆಯೂ ತಿದ್ದಬೇಕು. ಕಿರ್ದಿಯಲ್ಲಿಯೂ ಖಾತೆಯಲ್ಲಿಯೂ ಲೆಕ್ಕ ಬರೆಯುವ ವರ್ತಕನಿಗೆ ಈ ಹೊಣೆಯ ಭಾರ ಚೆನ್ನಾಗಿ ಗೊತ್ತು. ಎರಡು ಪುಸ್ತಕಗಳು ತಾಳೆಯಾಗದಿದ್ದರೆ ತಪ್ಪು ಯಾವುದರಲ್ಲಿದೆ ಎಂದು ಹುಡುಕುವುದರಲ್ಲಿ ಇಡೀ ರಾತ್ರಿ ಕಳೆಯಬಹುದು. ಇದಕ್ಕೆ ವ್ಯತಿರಿಕ್ತವಾಗಿ, ಮಾತನ್ನು ಒಂದೇ ಕಡೆ ಬರೆದು, ಹತ್ತು ಮಂದಿಯೂ ಅದನ್ನೇ ನೋಡಿ ನಡೆಯಲಿ ಎಂದು ವಿಧಿಸಿದಾಗ ಬೇರೊಂದು ಬಗೆಯ ಹೊಣೆ ಹುಟ್ಟುತ್ತದೆ. ಆ ಒಂದು ಮಾತು ತಪ್ಪಾದರೆ ಹತ್ತು ಮಂದಿಯೂ ತಪ್ಪುತ್ತಾರೆ. ಒಬ್ಬನ ಅನುಕೂಲಕ್ಕಾಗಿ ಅದನ್ನು ಬದಲಿಸಿದರೆ ಉಳಿದ ಒಂಬತ್ತು ಮಂದಿ ತಮಗರಿಯದಂತೆಯೇ ಆ ಬದಲಾವಣೆಗೆ ಒಳಗಾಗುತ್ತಾರೆ. ಈ ಎರಡು ಹೊಣೆಗಳಲ್ಲಿ ಯಾವುದನ್ನು ಹೊರಬೇಕು ಎಂಬುದು ಹಳೆಯ ಪ್ರಶ್ನೆ. ಇಂದು ಅದು ಅತ್ಯಂತ ತೀವ್ರವಾಗಿ ಎದುರಾಗುತ್ತಿರುವುದು ಗಣಕಯಂತ್ರದ ತಂತ್ರಾಂಶವನ್ನು ರಚಿಸುವವರ ಮೇಜಿನ ಮೇಲೆ.

ತಂತ್ರಾಂಶವೆಂಬುದು ಕೊನೆಗೂ ಒಂದು ಬರಹ. ಗಣಕಯಂತ್ರವು ಏನು ಮಾಡಬೇಕು ಎಂಬ ಆದೇಶಗಳನ್ನು ಸಾಲುಸಾಲಾಗಿ ಬರೆದ ಈ ಬರಹಕ್ಕೆ ಕೋಡ್ ಎಂದು ಹೆಸರು. ಒಬ್ಬನು ಬರೆದ ಕೋಡನ್ನು ಬಳಕೆಗೆ ಸೇರಿಸುವ ಮುನ್ನ ಮತ್ತೊಬ್ಬನು ಓದಿ, ದೋಷಗಳನ್ನು ತೋರಿಸಿ, ಒಪ್ಪಿಗೆ ಕೊಡುವ ಪದ್ಧತಿಯನ್ನು ಕೋಡ್ ರಿವ್ಯೂ ಎನ್ನುತ್ತಾರೆ. ಈ ಪದ್ಧತಿಗೆ ಶಾಸ್ತ್ರೀಯ ರೂಪ ಕೊಟ್ಟವರು ಐ.ಬಿ.ಎಂ. ಸಂಸ್ಥೆಯ ಮೈಕೆಲ್ ಫೇಗನ್. 1976ರಲ್ಲಿ ಪ್ರಕಟವಾದ ಅವರ ಪ್ರಬಂಧವು, ಯಂತ್ರಕ್ಕೆ ಕೊಟ್ಟು ಪರೀಕ್ಷಿಸುವ ಮೊದಲೇ ಸಹೋದ್ಯೋಗಿಗಳು ಕೂಡಿ ಕೋಡನ್ನು ಸಾಲುಸಾಲಾಗಿ ಓದಬೇಕೆಂಬ ಕ್ರಮವನ್ನು ವಿವರಿಸಿತು. ಅಂದಿನ ಸಭೆಯ ರೂಪ ಈಗ ಬಹುಮಟ್ಟಿಗೆ ಹೋಗಿದೆ. ಹೊಸದಾಗಿ ಬರೆದ ಸಾಲುಗಳು ಪರಿಶೀಲಕನ ಪರದೆಯ ಮೇಲೆ ಬರುತ್ತವೆ. ಅವನು ಅವುಗಳ ಪಕ್ಕದಲ್ಲಿಯೇ ತನ್ನ ಅಭಿಪ್ರಾಯವನ್ನು ಬರೆಯುತ್ತಾನೆ. ರೂಪ ಬದಲಾದರೂ ಆ ಕ್ಷಣದ ಸ್ವರೂಪ ಬದಲಾಗಿಲ್ಲ. ಒಬ್ಬರ ದುಡಿಮೆಯ ಮೇಲೆ ಮತ್ತೊಬ್ಬರು ತೀರ್ಪು ಕೊಡುವ ಕ್ಷಣವದು.

ಅಲ್ಲಿ ಅತಿ ಸಾಮಾನ್ಯವಾಗಿ ಕೇಳಿಬರುವ ಆಕ್ಷೇಪಣೆ ಒಂದಿದೆ. ಕಿರಿಯ ಸಹೋದ್ಯೋಗಿಯೊಬ್ಬನು ಹತ್ತು ಸಾಲುಗಳ ಒಂದು ಲೆಕ್ಕಾಚಾರವನ್ನು ಬರೆದಿರುತ್ತಾನೆ. ಹೆಚ್ಚುಕಡಿಮೆ ಅದೇ ಹತ್ತು ಸಾಲುಗಳು ತಂತ್ರಾಂಶದ ಮತ್ತೊಂದು ಮೂಲೆಯಲ್ಲಿ ಆಗಲೇ ಇರುತ್ತವೆ. ‘ಇದು ನಕಲು, ಎರಡನ್ನೂ ಸೇರಿಸಿ ಒಂದೇ ಫಂಕ್ಷನ್ ಮಾಡಿ, ಎರಡೂ ಕಡೆಯಿಂದ ಅದನ್ನೇ ಕರೆಯಿರಿ’ ಎಂದು ಹಿರಿಯ ಪರಿಶೀಲಕನು ಬರೆಯುತ್ತಾನೆ. ಕಿರಿಯನು ಒಪ್ಪಿ ತಿದ್ದುತ್ತಾನೆ. ಹತ್ತು ನಿಮಿಷಗಳ ಕೆಲಸ. ನೋಡುವವರಿಗೆ ಇದರಲ್ಲಿ ನೀತಿಯ ಪ್ರಶ್ನೆ ಎಲ್ಲಿದೆ ಎನಿಸಬಹುದು. ಪ್ರಶ್ನೆ ಇರುವುದು ಅಲ್ಲಿ ಇಲ್ಲದ ಮೂರನೆಯವನ ವಿಷಯದಲ್ಲಿ. ಐದು ವರ್ಷಗಳ ನಂತರ ಆ ಕೋಡನ್ನು ತಿದ್ದಬೇಕಾದವನು, ಮತ್ತು ಆ ತಂತ್ರಾಂಶ ಕೊಟ್ಟ ಲೆಕ್ಕವನ್ನು ನಂಬಿ ಹಣ ಕಟ್ಟುವ, ಟಿಕೆಟು ಕೊಳ್ಳುವ, ಔಷಧಿ ತೆಗೆದುಕೊಳ್ಳುವ ಸಾಮಾನ್ಯನು ಆ ಸಂವಾದದಲ್ಲಿ ಇರುವುದಿಲ್ಲ. ತೀರ್ಮಾನದ ಲಾಭವನ್ನು ಇಂದಿನ ಇಬ್ಬರು ಅನುಭವಿಸುತ್ತಾರೆ. ಅದರ ಬೆಲೆಯನ್ನು ನಾಳಿನ ಅಪರಿಚಿತರು ತೆರುತ್ತಾರೆ. ಕಣ್ಣೆದುರಿಗಿಲ್ಲದವರ ಹೆಸರಿನಲ್ಲಿ ಮಾಡುವ ತೀರ್ಮಾನವೇ ನೀತಿಯ ವಿಷಯವಲ್ಲದಿದ್ದರೆ ಮತ್ತಾವುದು ನೀತಿಯ ವಿಷಯವಾದೀತು?

ನಕಲನ್ನು ಆಕ್ಷೇಪಿಸುವವರ ಪಕ್ಷವನ್ನು ಮೊದಲು ನೋಡುವುದು ನ್ಯಾಯ. ಅವರ ಪಕ್ಷ ಬಲವಾದುದು. ಬೆಂಗಳೂರಿನ ತಂತ್ರಾಂಶ ಉದ್ಯಮವು ಬೆಳೆದ ದಿನಗಳನ್ನು ಕಂಡವರಿಗೆ 1990ರ ದಶಕದ ಕೊನೆಯ ವರ್ಷಗಳ ವೈ2ಕೆ ಸಮಸ್ಯೆ ನೆನಪಿರುತ್ತದೆ. ಸ್ಮರಣಕೋಶದ ಬೆಲೆ ಅತ್ಯಧಿಕವಾಗಿದ್ದ ಕಾಲದಲ್ಲಿ ಬರೆದ ಪ್ರೋಗ್ರಾಮುಗಳು ಇಸವಿಯನ್ನು ಕೊನೆಯ ಎರಡು ಅಂಕಿಗಳಲ್ಲಿ ಮಾತ್ರ ಇಟ್ಟುಕೊಂಡಿದ್ದವು. 2000ನೆಯ ಇಸವಿ ಬಂದಾಗ ‘00’ ಎಂಬುದನ್ನು ಅವು 1900 ಎಂದು ತಿಳಿಯುವ ಅಪಾಯವಿತ್ತು. ಪರದೇಶಗಳ ಬ್ಯಾಂಕುಗಳ, ವಿಮಾ ಸಂಸ್ಥೆಗಳ ಹಳೆಯ ಪ್ರೋಗ್ರಾಮುಗಳನ್ನು ತಿದ್ದುವ ಕೆಲಸ ಭಾರತದ ಅನೇಕ ಕಂಪನಿಗಳಿಗೆ ಬಂದಿತು. ತಿದ್ದಬೇಕಾದ ಸಾಲು ಸಿಕ್ಕ ಮೇಲೆ ತಿದ್ದುವುದು ಬಹುತೇಕ ಸುಲಭವೇ ಆಗಿತ್ತು. ಕಷ್ಟವಿದ್ದದ್ದು ಹುಡುಕುವುದರಲ್ಲಿ. ದಿನಾಂಕದ ಲೆಕ್ಕವನ್ನು ಒಂದೇ ಕಡೆ ಇಡದೆ, ಬೇಕಾದಲ್ಲೆಲ್ಲ ಬರೆದುಕೊಂಡು ಹೋಗಿದ್ದರಿಂದ ಲಕ್ಷಗಟ್ಟಲೆ ಸಾಲುಗಳನ್ನು ಕಣ್ಣಿಟ್ಟು ಓದಬೇಕಾಯಿತು. ಹಿಂದಿನವರು ತಮ್ಮ ನೆನಪಿನಲ್ಲಿಟ್ಟುಕೊಳ್ಳಬಹುದೆಂದು ಬಗೆದುದನ್ನು, ಅವರನ್ನು ಎಂದೂ ಕಾಣದ ಮುಂದಿನವರು ಹುಡುಕಿ ತೆಗೆಯಬೇಕಾಯಿತು.

ಅದೇ ಪ್ರಶ್ನೆಗೆ ಬೇರೆಬೇರೆ ಕಡೆ ಬೇರೆಬೇರೆ ಉತ್ತರ ಉಳಿದುಕೊಂಡರೆ ಏನಾಗುತ್ತದೆ ಎಂಬುದಕ್ಕೆ ಇಲ್ಲಿಯೇ ಒಂದು ನಿದರ್ಶನವಿದೆ. ಎರಡಂಕಿಯ ಇಸವಿ ಯಾವ ಶತಮಾನದ್ದೆಂದು ನಿರ್ಧರಿಸಲು 1997ರ ಎಕ್ಸೆಲ್ ತಂತ್ರಾಂಶವು 30ರಿಂದ 99ರವರೆಗಿನದನ್ನು ಇಪ್ಪತ್ತನೆಯ ಶತಮಾನವೆಂದೂ, 00ಯಿಂದ 29ರವರೆಗಿನದನ್ನು ಇಪ್ಪತ್ತೊಂದನೆಯದೆಂದೂ ತಿಳಿಯುತ್ತಿತ್ತು. ಯುನಿಕ್ಸ್ ಪರಂಪರೆಯ ಪೋಸಿಕ್ಸ್ ನಿಯಮವಾದರೋ ಆ ಗಡಿಯನ್ನು 69ರಲ್ಲಿ ಇಟ್ಟಿದೆ. ಆದುದರಿಂದ ‘45’ ಎಂದು ಬರೆದ ಜನ್ಮವರ್ಷವು ಒಂದು ಕಡೆ 1945 ಆಗುತ್ತದೆ, ಮತ್ತೊಂದು ಕಡೆ 2045 ಆಗುತ್ತದೆ. ಎರಡೂ ತಮ್ಮತಮ್ಮಲ್ಲಿ ಸಂಗತವಾದ ನಿಯಮಗಳೇ. ಒಂದರಿಂದ ಮತ್ತೊಂದಕ್ಕೆ ಮಾಹಿತಿ ಹೋದಾಗ ಮಾತ್ರ ವೃದ್ಧನೊಬ್ಬನು ಇನ್ನೂ ಹುಟ್ಟದವನಾಗಿಬಿಡುತ್ತಾನೆ.

ಇಂತಹ ಅನುಭವಗಳಿಂದ ಒಂದು ಸೂತ್ರ ಹುಟ್ಟಿತು. ಆಂಡ್ರ್ಯೂ ಹಂಟ್ ಮತ್ತು ಡೇವಿಡ್ ಥಾಮಸ್ ಎಂಬವರು 1999ರಲ್ಲಿ ಪ್ರಕಟಿಸಿದ ಗ್ರಂಥವೊಂದರಲ್ಲಿ, ಒಂದು ವ್ಯವಸ್ಥೆಯಲ್ಲಿ ಪ್ರತಿಯೊಂದು ತಿಳಿವಿಗೂ ಒಂದೇ ಅಧಿಕೃತ ನೆಲೆ ಇರಬೇಕು, ಅದನ್ನು ಮತ್ತೆ ಮತ್ತೆ ಬರೆಯಬಾರದು ಎಂಬ ತತ್ತ್ವವನ್ನು ಪ್ರತಿಪಾದಿಸಿದರು. ಅದರ ಮೂರಕ್ಷರದ ಸಂಕ್ಷೇಪ ‘ಡ್ರೈ’ ಎಂಬುದು ಪ್ರೋಗ್ರಾಮು ಬರೆಯುವವರ ನಾಲಿಗೆಯ ಮೇಲೆ ಗಾದೆಯಂತೆ ನೆಲೆಸಿತು. ಗಾದೆಯಾದ ತತ್ತ್ವಕ್ಕೆ ಆಗುವ ಗತಿಯೇ ಇದಕ್ಕೂ ಆಯಿತು. ತಿಳಿವಿನ ವಿಷಯವಾಗಿ ಹೇಳಿದುದನ್ನು ಜನ ಅಕ್ಷರಗಳ ವಿಷಯವಾಗಿ ಹಿಡಿದುಕೊಂಡರು. ಎರಡು ಕಡೆ ಒಂದೇ ರೀತಿಯ ಸಾಲುಗಳು ಕಂಡರೆ ಸಾಕು, ಸೂತ್ರಭಂಗವಾಯಿತೆಂದು ಬಗೆದರು. 2019ರಲ್ಲಿ ಅದೇ ಗ್ರಂಥದ ಪರಿಷ್ಕೃತ ಆವೃತ್ತಿ ಬಂದಾಗ, ತಾವು ಹೇಳಿದ್ದು ತಿಳಿವಿನ ಪುನರುಕ್ತಿಯ ವಿಷಯವೇ ಹೊರತು ಸಾಲುಗಳ ಹೋಲಿಕೆಯ ವಿಷಯವಲ್ಲವೆಂದು ಗ್ರಂಥಕರ್ತರೇ ಸ್ಪಷ್ಟಪಡಿಸಬೇಕಾಯಿತು.

ಈ ಭೇದವು ಎಷ್ಟು ಆಳವಾದುದೆಂದು ತೋರಿಸಲು ನಿತ್ಯಜೀವನದ ಒಂದು ಅಂಕಿಯೇ ಸಾಕು. ನಿವೃತ್ತರಾದವರ ಹಣದ ವ್ಯವಹಾರವನ್ನು ನೋಡಿಕೊಳ್ಳುವ ಒಂದು ತಂತ್ರಾಂಶವನ್ನು ಕಲ್ಪಿಸಿಕೊಳ್ಳಬಹುದು. ಅದರ ಒಂದು ಭಾಗ ಆದಾಯ ತೆರಿಗೆಯನ್ನು ಲೆಕ್ಕ ಹಾಕುತ್ತದೆ. ಮತ್ತೊಂದು ಭಾಗ ರೈಲು ಪ್ರಯಾಣದ ವೆಚ್ಚವನ್ನು ಲೆಕ್ಕ ಹಾಕುತ್ತದೆ. ಎರಡರಲ್ಲಿಯೂ ‘ವಯಸ್ಸು 60 ಆಗಿದೆಯೇ’ ಎಂಬ ಪರೀಕ್ಷೆ ಇದೆ. ನಕಲನ್ನು ಕಂಡ ಪರಿಶೀಲಕನು ‘ಹಿರಿಯ ನಾಗರಿಕರೇ’ ಎಂಬ ಒಂದೇ ಫಂಕ್ಷನ್ ಮಾಡಲು ಹೇಳುತ್ತಾನೆ. ಹೆಸರು ಚೆನ್ನಾಗಿದೆ, ಸಾಲುಗಳು ಕಡಿಮೆಯಾಗಿವೆ. ಆದರೆ ಈ ಎರಡು ಅರವತ್ತುಗಳು ಬಂದ ದಾರಿ ಒಂದೇ ಅಲ್ಲ. ಆದಾಯ ತೆರಿಗೆಯಲ್ಲಿ ಹಿರಿಯ ನಾಗರಿಕರ ವಯೋಮಿತಿ ಮೊದಲು 65 ಆಗಿದ್ದು, 2011ರ ಮುಂಗಡಪತ್ರದಲ್ಲಿ 60ಕ್ಕೆ ಇಳಿಯಿತು. ಅದನ್ನು ನಿರ್ಧರಿಸುವುದು ಸಂಸತ್ತಿನ ಕಾನೂನು. ರೈಲ್ವೆಯ ರಿಯಾಯಿತಿಯಾದರೋ ಇಲಾಖೆಯ ನಿರ್ಧಾರ. ಅದು ಪುರುಷರಿಗೆ 60, ಮಹಿಳೆಯರಿಗೆ 58 ಎಂದಿತ್ತು. 2020ರ ಮಾರ್ಚ್ ತಿಂಗಳಲ್ಲಿ ಆ ರಿಯಾಯಿತಿಯನ್ನೇ ನಿಲ್ಲಿಸಲಾಯಿತು.

ಒಂದಾದ ಆ ಫಂಕ್ಷನಿನ ಗತಿ ಏನಾಗುತ್ತದೆಂದು ನೋಡಬೇಕು. ಮಹಿಳೆಯರ ವಯೋಮಿತಿ ಬೇರೆ ಎಂದು ಗೊತ್ತಾದಾಗ, ‘ರೈಲಿನ ಲೆಕ್ಕವಾಗಿದ್ದು ಪ್ರಯಾಣಿಕರು ಮಹಿಳೆಯಾಗಿದ್ದರೆ’ ಎಂಬ ಷರತ್ತೊಂದು ಅದರೊಳಗೆ ಸೇರುತ್ತದೆ. ರಿಯಾಯಿತಿ ನಿಂತಾಗ, ‘ರೈಲಿನ ಲೆಕ್ಕವಾಗಿದ್ದು ದಿನಾಂಕವು ಇಂತಹ ದಿನದ ನಂತರದ್ದಾಗಿದ್ದರೆ’ ಎಂಬ ಮತ್ತೊಂದು ಷರತ್ತು ಸೇರುತ್ತದೆ. ನಾಳೆ ಬ್ಯಾಂಕಿನ ಠೇವಣಿಯ ಬಡ್ಡಿಯ ಲೆಕ್ಕವೂ ಇದನ್ನೇ ಕರೆದರೆ ಮೂರನೆಯದು. ಯಾವುದೋ ಅವಸರದ ದಿನ ರೈಲಿನ ಷರತ್ತನ್ನು ತಿದ್ದಲು ಬಂದವನು ಒಂದು ಆವರಣ ಚಿಹ್ನೆಯನ್ನು ತಪ್ಪಾಗಿ ಇಟ್ಟರೆ, ರೈಲನ್ನೇ ಹತ್ತದ ಒಬ್ಬ ವೃದ್ಧರ ತೆರಿಗೆಯ ಲೆಕ್ಕ ತಪ್ಪುತ್ತದೆ. ತಿದ್ದಿದವನಿಗೆ ತೆರಿಗೆಯ ವಿಷಯವೇ ಗೊತ್ತಿರುವುದಿಲ್ಲ. ತೆರಿಗೆಯ ಭಾಗವನ್ನು ನೋಡುವವರಿಗೆ ತಿದ್ದುಪಡಿಯ ಸುದ್ದಿಯೇ ಇರುವುದಿಲ್ಲ. ಇಲ್ಲಿ ಒಂದಾಗಿದ್ದುದು ಅಂಕಿ ಮಾತ್ರ. ನಿಯಮಗಳು ಎಂದೂ ಒಂದಾಗಿರಲಿಲ್ಲ.

ಇದಕ್ಕೆ ಪ್ರತಿಯಾಗಿ ಸರಕು ಮತ್ತು ಸೇವಾ ತೆರಿಗೆಯ ದರವನ್ನು ನೋಡಬಹುದು. 2025ರ ಸೆಪ್ಟೆಂಬರ್ 22ರಿಂದ ಸ್ನಾನದ ಸಾಬೂನಿನ ಮೇಲಿನ ತೆರಿಗೆ ಶೇಕಡಾ 18ರಿಂದ 5ಕ್ಕೆ ಇಳಿಯಿತು. ಅಂಗಡಿಯ ತಂತ್ರಾಂಶದಲ್ಲಿ ಗ್ರಾಹಕನ ಬಿಲ್ಲಿಗೂ, ತಿಂಗಳ ಕೊನೆಯಲ್ಲಿ ಸರ್ಕಾರಕ್ಕೆ ಸಲ್ಲಿಸುವ ಲೆಕ್ಕಕ್ಕೂ ಬೇಕಾದುದು ಒಂದೇ ದರ, ಒಂದೇ ಕಾನೂನಿನಿಂದ ಬಂದ ದರ. ಬಿಲ್ಲಿನಲ್ಲಿ 5, ಸರ್ಕಾರದ ಲೆಕ್ಕದಲ್ಲಿ 18 ಎಂಬ ಸ್ಥಿತಿ ಎಂದಿಗೂ ಸರಿಯಾಗಲಾರದು. ಆ ದರವನ್ನು ಎರಡು ಕಡೆ ಬರೆದವನು, ಎರಡು ಬರಹಗಳೂ ನೋಡಲು ಬೇರೆಬೇರೆಯಾಗಿ ಕಂಡರೂ, ಒಂದೇ ತಿಳಿವನ್ನು ಒಡೆದಿದ್ದಾನೆ. ಹೀಗೆ ಸಮಾನವಾಗಿ ಕಾಣುವುದು ಭಿನ್ನವಾಗಿರಬಹುದು. ಭಿನ್ನವಾಗಿ ಕಾಣುವುದು ಒಂದೇ ಆಗಿರಬಹುದು. ಕಣ್ಣು ಇದನ್ನು ನಿರ್ಣಯಿಸಲಾರದು. ನಿರ್ಣಯಿಸುವ ಪ್ರಶ್ನೆ ಬೇರೆಯದೇ: ಇವೆರಡೂ ಬದಲಾಗುವುದಾದರೆ ಒಂದೇ ಕಾರಣಕ್ಕೆ ಬದಲಾಗುತ್ತವೆಯೇ? ಬದಲಾಯಿಸುವ ಅಧಿಕಾರ ಒಬ್ಬರದೇ ಆಗಿದೆಯೇ? ಡೇವಿಡ್ ಪಾರ್ನಾಸ್ ಅವರು 1972ರಲ್ಲಿ ಪ್ರಕಟಿಸಿದ ಪ್ರಸಿದ್ಧ ಪ್ರಬಂಧದ ತಿರುಳೂ ಇದಕ್ಕೆ ಸಮೀಪವಾದುದು. ಕೆಲಸದ ಹಂತಗಳನ್ನು ನೋಡಿ ತಂತ್ರಾಂಶವನ್ನು ವಿಭಾಗಿಸಬಾರದು, ಮುಂದೆ ಬದಲಾಗಬಹುದಾದ ಒಂದೊಂದು ನಿರ್ಧಾರವನ್ನು ಒಂದೊಂದು ಭಾಗದೊಳಗೆ ಅಡಗಿಸಿಡಬೇಕು ಎಂದು ಅವರು ವಾದಿಸಿದ್ದರು.

ಕಾರಣವನ್ನು ಕೇಳದೆ ಒಂದೇ ಕೋಡನ್ನು ಎರಡು ಕಡೆ ಹಂಚಿಕೊಂಡುದರ ಫಲವು ಜಗತ್ತಿನ ಕಣ್ಣೆದುರಿಗೇ ಒಮ್ಮೆ ಸ್ಫೋಟಗೊಂಡಿತು. 1996ರ ಜೂನ್ 4ರಂದು ಫ್ರೆಂಚ್ ಗಯಾನಾದ ಕೂರೂ ನೆಲೆಯಿಂದ ಯೂರೋಪಿನ ಏರಿಯಾನ್-5 ರಾಕೆಟ್ಟಿನ ಮೊದಲ ಉಡ್ಡಯನ ನಡೆಯಿತು. ಸುಮಾರು 40 ಸೆಕೆಂಡುಗಳಲ್ಲಿ ಅದು ದಾರಿ ತಪ್ಪಿ ಒಡೆದು ಚೂರಾಯಿತು. ಅದರೊಳಗಿದ್ದ ಕ್ಲಸ್ಟರ್ ಯೋಜನೆಯ ನಾಲ್ಕು ವೈಜ್ಞಾನಿಕ ಉಪಗ್ರಹಗಳೂ ನಾಶವಾದವು. ಗಣಿತಜ್ಞ ಜಾಕ್ ಲೂಯಿ ಲಿಯೋನ್ಸ್ ಅವರ ಅಧ್ಯಕ್ಷತೆಯ ವಿಚಾರಣಾ ಮಂಡಲಿ ಮರುತಿಂಗಳೇ ವರದಿ ಕೊಟ್ಟಿತು. ರಾಕೆಟ್ಟಿನ ಸ್ಥಿತಿಗತಿಗಳನ್ನು ಅಳೆಯುವ ಉಪಕರಣದ ತಂತ್ರಾಂಶವನ್ನು ಹಿಂದಿನ ಏರಿಯಾನ್-4ರಿಂದ ಹೆಚ್ಚುಕಡಿಮೆ ಹಾಗೆಯೇ ತೆಗೆದುಕೊಳ್ಳಲಾಗಿತ್ತು. ಹೊಸ ರಾಕೆಟ್ಟಿನ ಅಡ್ಡದಿಕ್ಕಿನ ವೇಗವು ಹಳೆಯದಕ್ಕಿಂತ ಐದು ಪಟ್ಟು ಬೇಗನೆ ಏರುತ್ತಿತ್ತು. ಆ ವೇಗಕ್ಕೆ ಸಂಬಂಧಿಸಿದ ಒಂದು ಸಂಖ್ಯೆ, ಅದಕ್ಕಾಗಿ ಕಾದಿರಿಸಿದ 16 ಬಿಟ್‌ಗಳ ಸ್ಥಳದಲ್ಲಿ ಹಿಡಿಸದೆ ಹೋಯಿತು, ಉಪಕರಣ ನಿಂತುಹೋಯಿತು. ಆಪತ್ಕಾಲಕ್ಕೆಂದು ಇಟ್ಟಿದ್ದ ಎರಡನೆಯ ಉಪಕರಣವೂ ಅದೇ ತಂತ್ರಾಂಶದಿಂದ ನಡೆಯುತ್ತಿದ್ದುದರಿಂದ, ಅದೇ ಕಾರಣಕ್ಕೆ, ಕ್ಷಣಕ್ಕೆ ಮುಂಚೆಯೇ ನಿಂತಿತ್ತು.

ಈ ವರದಿಯಲ್ಲಿ ಮನಸ್ಸನ್ನು ತಟ್ಟುವ ಅಂಶ ಮತ್ತೊಂದಿದೆ. ತಪ್ಪಿದ ಲೆಕ್ಕಾಚಾರವು ಏರಿಯಾನ್-5ಕ್ಕೆ, ಅದು ನೆಲ ಬಿಟ್ಟ ಮೇಲೆ, ಬೇಕಾಗಿಯೇ ಇರಲಿಲ್ಲ. ಉಡ್ಡಯನವನ್ನು ಕೊನೆಯ ಗಳಿಗೆಯಲ್ಲಿ ತಡೆದರೆ ಬೇಗನೆ ಪುನಃ ಆರಂಭಿಸಲು ಅನುಕೂಲವಾಗಲೆಂದು ಹಿಂದಿನ ರಾಕೆಟ್ಟಿನಲ್ಲಿ ಅದನ್ನು ಸ್ವಲ್ಪ ಹೊತ್ತು ನಡೆಯಲು ಬಿಟ್ಟಿದ್ದರು. ಹೊಸದರಲ್ಲಿ ಆ ಅಗತ್ಯವಿರಲಿಲ್ಲ. ಎರಡರ ತಂತ್ರಾಂಶವೂ ಸಮಾನವಾಗಿರಲಿ ಎಂಬ ಕಾರಣಕ್ಕೆ, ಚೆನ್ನಾಗಿ ನಡೆಯುತ್ತಿದ್ದುದನ್ನು ಏಕೆ ಮುಟ್ಟಬೇಕೆಂಬ ಭಾವನೆಯಿಂದ ಅದು ಉಳಿದುಕೊಂಡಿತು. ಯಾರೂ ಅಲ್ಲಿ ಸೋಮಾರಿಗಳಾಗಿರಲಿಲ್ಲ, ಯಾರೂ ವಂಚಕರಾಗಿರಲಿಲ್ಲ. ಪರಿಶೀಲನೆಗಳು ನಡೆದೇ ಇದ್ದವು. ಒಂದೇ ಕೆಲಸ ಎಂಬ ನಂಬಿಕೆಯೊಂದು ಮಾತ್ರ ಯಾರ ಪರೀಕ್ಷೆಗೂ ಒಳಗಾಗದೆ ಉಳಿದಿತ್ತು. ನೀತಿಶಾಸ್ತ್ರವು ಪ್ರಮಾದವೆಂದು ಕರೆಯುವುದು ಇದನ್ನೇ. ಅದು ಕೆಡುಕನ್ನು ಬಯಸುವುದಲ್ಲ. ನೋಡಬೇಕಾದುದನ್ನು ನೋಡಿಯಾಗಿದೆ ಎಂದು ತಿಳಿದು ಮುಂದೆ ನಡೆಯುವುದು.

ಹಾಗಾದರೆ ನಕಲು ಮಾಡುವುದೇ ಒಳ್ಳೆಯದೆಂದು ಹೇಳಬಹುದೇ? ಅದೂ ದುಡುಕಿನ ಮಾತಾದೀತು. ನಕಲು ಯಾವಾಗ ಧರ್ಮವಾಗುತ್ತದೆ ಎಂಬುದಕ್ಕೆ ಲಿನಕ್ಸ್ ಕರ್ನಲಿನ ಇತಿಹಾಸದಲ್ಲಿ ಒಂದು ನಿದರ್ಶನವಿದೆ. ಗಣಕಯಂತ್ರದ ತಟ್ಟೆಯ ಮೇಲೆ ಕಡತಗಳನ್ನು ಜೋಡಿಸಿಡುವ ‘ಇಎಕ್ಸ್‌ಟಿ3’ ಎಂಬ ವ್ಯವಸ್ಥೆಯನ್ನು 2006ರ ಹೊತ್ತಿಗೆ ಲೋಕದಾದ್ಯಂತ ಅಸಂಖ್ಯಾತ ಜನ ಬಳಸುತ್ತಿದ್ದರು. ದೊಡ್ಡ ಗಾತ್ರದ ತಟ್ಟೆಗಳಿಗಾಗಿ ಅದಕ್ಕೆ ಹೊಸ ಸಾಮರ್ಥ್ಯಗಳನ್ನು ಸೇರಿಸುವ ಕೋಡು ಆ ವರ್ಷದ ಜೂನ್ ತಿಂಗಳಲ್ಲಿ ಪರಿಶೀಲನೆಗೆ ಬಂದಿತು. ಇದ್ದುದಕ್ಕೇ ಸೇರಿಸುವುದು ಮಿತವ್ಯಯದ ದಾರಿ ಎಂದು ಬರೆದವರ ಪಕ್ಷ. ಲಿನಸ್ ಟೋರ್ವಾಲ್ಡ್ಸ್ ಮೊದಲಾದ ಪರಿಶೀಲಕರು ಒಪ್ಪಲಿಲ್ಲ. ಪ್ರಯೋಗದ ಹಂತದಲ್ಲಿರುವ ಕೋಡನ್ನು, ಜನ ತಮ್ಮ ಬರಹಗಳನ್ನೂ ಲೆಕ್ಕಪತ್ರಗಳನ್ನೂ ಒಪ್ಪಿಸಿರುವ ಕೋಡಿನೊಳಗೆ ಬೆರೆಸಬಾರದು. ಇಡೀ ವ್ಯವಸ್ಥೆಯನ್ನು ಪ್ರತಿ ಮಾಡಿಕೊಂಡು ಆ ಪ್ರತಿಯಲ್ಲಿ ಪ್ರಯೋಗ ಮಾಡಬೇಕು ಎಂಬುದು ಅವರ ನಿಲುವು.

ಕೊನೆಗೆ ಹಾಗೆಯೇ ಆಯಿತು. ಥಿಯೋಡೋರ್ ತ್ಸೊ ಅವರು ಯೋಜನೆಯನ್ನು ಪ್ರಕಟಿಸಿದರು. ಅದೇ ವರ್ಷದ ನವೆಂಬರಿನಲ್ಲಿ ‘ಇಎಕ್ಸ್‌ಟಿ4’ ಎಂಬ ಪ್ರತಿಯು, ಇನ್ನೂ ಅಭಿವೃದ್ಧಿಯ ಹಂತದಲ್ಲಿದೆ ಎಂಬುದನ್ನು ಹೆಸರಿನಲ್ಲಿಯೇ ಸಾರಿಕೊಂಡು, ಕರ್ನಲಿನೊಳಗೆ ಬಂದಿತು. 2008ರ ಡಿಸೆಂಬರಿನಲ್ಲಿ ಅದು ಸ್ಥಿರವೆಂದು ಘೋಷಿತವಾಯಿತು. ಆ ನಡುವೆ ಒಂದರಲ್ಲಿ ಕಂಡ ದೋಷವನ್ನು ಇನ್ನೊಂದರಲ್ಲಿಯೂ ನೋಡಿ ತಿದ್ದುವ ಶ್ರಮವನ್ನು ಕೋಡ್ ಬರೆಯುವವರೇ ಹೊತ್ತರು. ಹೊಸದು ಹಳೆಯದರ ಕಡತಗಳನ್ನೂ ಸರಿಯಾಗಿ ನಿರ್ವಹಿಸಬಲ್ಲುದೆಂಬ ಭರವಸೆ ಹುಟ್ಟಿದ ಮೇಲೆ, 2015ರಲ್ಲಿ ಹಳೆಯ ಪ್ರತಿಯನ್ನು ತೆಗೆದುಹಾಕಲಾಯಿತು. ಇಲ್ಲಿ ನಕಲಿಗೆ ಒಂದು ಕಾರಣವಿತ್ತು. ಅದು ಎಲ್ಲರಿಗೂ ತಿಳಿದಿತ್ತು. ನಕಲಿನ ಶ್ರಮ ಬಿದ್ದದ್ದು ಅದನ್ನು ಒಪ್ಪಿಕೊಂಡವರ ಮೇಲೆ, ತಪ್ಪಿದ್ದು ಏನೂ ಅರಿಯದ ಬಳಕೆದಾರರ ಅಪಾಯ. ಕಾರಣ ತೀರಿದಾಗ ನಕಲೂ ತೀರಿತು. ಎರಡು ಪ್ರತಿಗಳು ಒಂಬತ್ತು ವರ್ಷ ಜೊತೆಯಲ್ಲಿದ್ದುದನ್ನು ಕಂಡು ಅಂದಗೇಡು ಎಂದವರು ಇದ್ದಿರಬಹುದು. ಅಂದಕ್ಕಿಂತ ಹಿರಿದಾದುದನ್ನು ಅದು ಕಾಪಾಡಿತು.

ಈ ನಿದರ್ಶನಗಳನ್ನು ಒಟ್ಟಾಗಿ ನೋಡಿದಾಗ ಒಂದು ವಿಚಾರ ಸ್ಪಷ್ಟವಾಗುತ್ತದೆ. ನಕಲು ಮಾಡಿದವನು ಮುಂದಿನವರ ಮೇಲೆ ನೆನಪಿನ ಸಾಲವನ್ನು ಹೊರಿಸುತ್ತಾನೆ. ಒಂದುಗೂಡಿಸಿದವನು ಬಂಧನದ ಸಾಲವನ್ನು ಹೊರಿಸುತ್ತಾನೆ. ಸಾಲವಿಲ್ಲದ ದಾರಿ ಯಾವುದೂ ಇಲ್ಲ. ಪರಿಶೀಲಕನ ಕರ್ತವ್ಯವು ನಕಲನ್ನು ಕಂಡುಹಿಡಿಯುವುದರಲ್ಲಿ ಮುಗಿಯುವುದಿಲ್ಲ. ಯಾವ ಸಾಲವನ್ನು, ಯಾರ ಹೆಸರಿನಲ್ಲಿ ಮಾಡಲಾಗುತ್ತಿದೆ ಎಂಬುದನ್ನು ಅವನು ತಿಳಿಯಬೇಕು.

ಇದು ಕೇವಲ ಕೌಶಲದ ಪ್ರಶ್ನೆ, ನೀತಿಯ ಪ್ರಶ್ನೆಯಲ್ಲ ಎಂಬ ವಾದಕ್ಕೆ ಇಲ್ಲಿ ಉತ್ತರ ಹೇಳಬೇಕು. ಕೌಶಲ ಬೇಕು ಎಂಬುದರಲ್ಲಿ ಸಂದೇಹವಿಲ್ಲ. ಆದರೆ ಪರಿಶೀಲಕನು ದಾರಿ ತಪ್ಪುವುದು ಬಹುಮಟ್ಟಿಗೆ ಕೌಶಲದ ಕೊರತೆಯಿಂದಲ್ಲ. ನಕಲು ಕಣ್ಣಿಗೆ ಕಾಣುವ ದೋಷ. ಅದನ್ನು ತೋರಿಸಲು ವಿಷಯದ ಜ್ಞಾನ ಬೇಕಿಲ್ಲ. ತೆರಿಗೆಯ ಕಾನೂನಾಗಲೀ ರೈಲ್ವೆಯ ನಿಯಮವಾಗಲೀ ಏನೆಂದು ತಿಳಿಯದವನೂ ‘ಇವೆರಡೂ ಒಂದೇ’ ಎಂದು ಬರೆಯಬಲ್ಲನು. ಬರೆದು, ತಾನು ಶ್ರದ್ಧೆಯಿಂದ ಓದಿದೆನೆಂಬ ತೃಪ್ತಿಯನ್ನು ಪಡೆಯಬಲ್ಲನು. ತಪ್ಪು ಐಕ್ಯವಾದರೋ ಅಂದವಾಗಿ ಕಾಣುತ್ತದೆ. ಅದರ ದೋಷ ತಿಳಿಯಲು ಕಾರಣಗಳನ್ನು ವಿಚಾರಿಸಬೇಕು. ಸುಲಭವಾಗಿ ಸಿಕ್ಕುವ ಆಕ್ಷೇಪಣೆಯಿಂದ ತೃಪ್ತನಾಗುವುದು ಬುದ್ಧಿಯ ದೌರ್ಬಲ್ಯಕ್ಕಿಂತ ಹೆಚ್ಚಾಗಿ ಸ್ವಭಾವದ ದೌರ್ಬಲ್ಯ. ಹಂಚಿಕೊಳ್ಳಬೇಕೆಂದು ಒತ್ತಾಯಿಸುವ ಆ ಫಂಕ್ಷನನ್ನು ಪರಿಶೀಲಕನೇ ಹಿಂದೆ ಬರೆದಿದ್ದರಂತೂ ಅವನು ತನ್ನ ಮನಸ್ಸನ್ನು ಇಮ್ಮಡಿಯಾಗಿ ಪರೀಕ್ಷಿಸಿಕೊಳ್ಳಬೇಕು. ತನ್ನ ಕೃತಿ ಎಲ್ಲೆಡೆ ಬಳಕೆಯಾಗಬೇಕೆಂಬ ಆಸೆಯು ಹಿತಚಿಂತನೆಯ ವೇಷದಲ್ಲಿ ಬರುವುದುಂಟು.

ಅಧಿಕಾರದ ಅಂತರವೂ ಇಲ್ಲಿದೆ. ಕಿರಿಯನು ಆ ಭಾಗವನ್ನು ವಾರಗಟ್ಟಲೆ ಅಭ್ಯಾಸ ಮಾಡಿರುತ್ತಾನೆ. ಹಿರಿಯನು ಅರ್ಧ ಗಂಟೆ ನೋಡಿರುತ್ತಾನೆ. ಆದರೂ ಒಪ್ಪಿಗೆ ಹಿರಿಯನ ಕೈಯಲ್ಲಿರುವುದರಿಂದ ಕಿರಿಯನು ವಾದಿಸುವುದಿಲ್ಲ. ‘ಒಂದುಗೂಡಿಸಿ’ ಎಂಬ ಆಜ್ಞೆಯ ಬದಲು ‘ಇವೆರಡೂ ಎಂದಾದರೂ ಬೇರೆಬೇರೆಯಾಗಿ ಬದಲಾಗಬಹುದೇ?’ ಎಂದು ಕೇಳಿದರೆ, ಗೊತ್ತಿದ್ದವನು ಮಾತಾಡಲು ಅವಕಾಶವಾಗುತ್ತದೆ. ಕಿರಿಯನು ಯೋಚಿಸದೆಯೇ ಪ್ರತಿ ಮಾಡಿದ್ದರೆ ಅದೂ ಆ ಪ್ರಶ್ನೆಯಿಂದಲೇ ಹೊರಬರುತ್ತದೆ. ಅವಸರದಲ್ಲಿ ಹತ್ತು ಸಾಲುಗಳನ್ನು ಎತ್ತಿ ಅಂಟಿಸಿ, ಅವುಗಳ ಅರ್ಥವನ್ನೇ ವಿಚಾರಿಸದೆ ಬಿಡುವವರೂ ಇದ್ದಾರೆ. ಅವರನ್ನು ಈ ಲೇಖನದ ಯಾವ ಮಾತೂ ಸಮರ್ಥಿಸುವುದಿಲ್ಲ.

ಸಂದೇಹ ಉಳಿದಾಗ ಏನು ಮಾಡಬೇಕು ಎಂಬುದಕ್ಕೆ ವೃತ್ತಿಯಲ್ಲಿರುವವರು ಕೆಲವು ಅನುಭವದ ಮಾತುಗಳನ್ನು ಹೇಳಿದ್ದಾರೆ. ಮಾರ್ಟಿನ್ ಫೌಲರ್ ಅವರು 1999ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, ಡಾನ್ ರಾಬರ್ಟ್ಸ್ ಎಂಬವರಿಂದ ಬಂದ ‘ಮೂರರ ನಿಯಮ’ವನ್ನು ಉಲ್ಲೇಖಿಸುತ್ತಾರೆ. ಎರಡನೆಯ ಸಲ ನಕಲನ್ನು ಸಹಿಸಬಹುದು, ಮೂರನೆಯ ಸಲ ಬಂದಾಗ ಒಂದುಗೂಡಿಸಬೇಕು ಎಂಬುದು ಅದರ ಸಾರ. ಸ್ಯಾಂಡಿ ಮೆಟ್ಜ್ ಅವರು 2014ರ ಉಪನ್ಯಾಸವೊಂದರಲ್ಲಿಯೂ 2016ರ ಲೇಖನದಲ್ಲಿಯೂ, ತಪ್ಪಾದ ಐಕ್ಯಕ್ಕೆ ತೆರಬೇಕಾದ ಬೆಲೆ ನಕಲಿಗಿಂತ ಬಹಳ ಹೆಚ್ಚು ಎಂದು ವಾದಿಸಿದರು. ಒಂದುಗೂಡಿಸಿದುದು ಷರತ್ತುಗಳ ಮೇಲೆ ಷರತ್ತು ಹೊತ್ತು ಬಾಗಿದಾಗ, ಅದನ್ನು ಮತ್ತೆ ಆಯಾ ಸ್ಥಳಗಳಿಗೆ ಬಿಡಿಸಿ ಬರೆದು, ಅಲ್ಲಲ್ಲಿಗೆ ಬೇಡವಾದುದನ್ನು ಅಳಿಸಿ, ಹೊಸದಾಗಿ ನೋಡಬೇಕೆಂಬುದು ಅವರ ಸಲಹೆ. ಈ ಸಲಹೆಯ ನೈತಿಕ ಮುಖವನ್ನು ಗಮನಿಸಬೇಕು. ಹಿಂದಿನವರು ಕಷ್ಟಪಟ್ಟು ಕಟ್ಟಿದ್ದನ್ನು ಬಿಚ್ಚುವುದು ಅವರಿಗೆ ಅಗೌರವವೆಂದು ಅನೇಕರು ಹಿಂಜರಿಯುತ್ತಾರೆ. ಆದರೆ ಹಿಂದಿನವರು ತಮಗೆ ತಿಳಿದಷ್ಟನ್ನು ತಿಳಿದು ಒಂದು ತೀರ್ಮಾನ ಮಾಡಿದ್ದರು. ಹೆಚ್ಚು ತಿಳಿದ ಮೇಲೂ ಅದನ್ನೇ ಹಿಡಿದಿರುವುದು ಗೌರವವಲ್ಲ, ಜಡತೆ.

ಅನುಭವದ ಈ ನಿಯಮಗಳಿಗೂ ಮಿತಿಯಿದೆ. ಮೂರನೆಯ ಪ್ರತಿಯವರೆಗೆ ಕಾಯಬಹುದೆಂಬ ಮಾತು, ಕಾಯುವುದರಿಂದ ಬರೆಯುವವರಿಗೆ ಮಾತ್ರ ಶ್ರಮವಾಗುವ ಕಡೆ ಸಲ್ಲುತ್ತದೆ. ಒಂದು ಪ್ರತಿಯನ್ನು ತಿದ್ದಲು ಮರೆತರೆ ರೋಗಿಗೆ ಕೊಡುವ ಔಷಧಿಯ ಪ್ರಮಾಣ ತಪ್ಪುವಂತಿದ್ದರೆ, ಅಥವಾ ಬೇರೆಯವರ ಖಾತೆಯ ಬಾಗಿಲು ತೆರೆದುಕೊಳ್ಳುವಂತಿದ್ದರೆ, ಮತ್ತು ಎರಡರ ಹಿಂದಿನ ನಿಯಮ ನಿಜವಾಗಿಯೂ ಒಂದೇ ಆಗಿದ್ದರೆ, ಎರಡನೆಯ ಪ್ರತಿಯೇ ಅತಿಯಾಯಿತು. ಎಣಿಕೆಯು ವಿವೇಕಕ್ಕೆ ನೆರವಾಗಬಹುದು. ವಿವೇಕದ ಸ್ಥಾನದಲ್ಲಿ ಕೂರಲಾರದು. ನಕಲನ್ನು ಉಳಿಸಲು ಒಪ್ಪಿದ ಪರಿಶೀಲಕನಿಗೂ ಕೆಲಸ ಮುಗಿಯುವುದಿಲ್ಲ. ಎರಡೂ ಕಡೆ ಒಂದೊಂದು ಸಾಲಿನ ಟಿಪ್ಪಣಿ ಬರೆಸಿ, ಇದರ ಜೊತೆಗಾರ ಎಲ್ಲಿದೆ, ಇವೆರಡನ್ನೂ ಬೇರೆಯಾಗಿ ಇಟ್ಟುದು ಏಕೆ ಎಂಬುದನ್ನು ತಿಳಿಸಿದರೆ, ನೆನಪಿನ ಸಾಲದ ಬಹುಭಾಗ ಅಲ್ಲಿಯೇ ತೀರುತ್ತದೆ. ಒಂದುಗೂಡಿಸಲು ಒಪ್ಪಿದವನಿಗೂ ಅಷ್ಟೇ. ಯಾವ ಒಂದು ಕಾರಣಕ್ಕಾಗಿ ಇವು ಒಂದಾದವು ಎಂಬುದನ್ನು ಬರೆದಿಟ್ಟರೆ, ಆ ಕಾರಣ ಇಲ್ಲವಾದ ದಿನ ಬಿಡಿಸಲು ಮುಂದಿನವನಿಗೆ ಧೈರ್ಯ ಬರುತ್ತದೆ.

ಕೋಡನ್ನು ಓದಿ ಒಪ್ಪಿಗೆ ಕೊಡುವವನ ಹೆಸರು ಬಳಸುವವರಿಗೆ ತಿಳಿಯುವುದಿಲ್ಲ. ಅವನು ತಡೆದ ತಪ್ಪು ಯಾರ ಲೆಕ್ಕಕ್ಕೂ ಬರುವುದಿಲ್ಲ. ಅವನು ಬಿಟ್ಟ ತಪ್ಪು ಎಷ್ಟೋ ವರ್ಷಗಳ ಮೇಲೆ, ಅವನು ಬೇರೆಲ್ಲೋ ಇರುವಾಗ, ಯಾರದೋ ಮನೆಯಲ್ಲಿ ಫಲ ಕೊಡುತ್ತದೆ. ಹೊಗಳಿಕೆಯೂ ಇಲ್ಲದ, ಶಿಕ್ಷೆಯೂ ಇಲ್ಲದ ಇಂತಹ ಸ್ಥಾನದಲ್ಲಿ ಮನುಷ್ಯನನ್ನು ಸರಿಯಾದ ದಾರಿಯಲ್ಲಿಡುವುದು ಅವನ ಎಚ್ಚರ ಒಂದೇ. ಎರಡು ಬರಹಗಳು ಒಂದೇ ಎಂದು ಹೇಳುವ ಮೊದಲು ಅವುಗಳ ಹಿಂದಿರುವ ನಿಯಮವು ಒಂದೇ ಎಂದು ಅರಿತುಕೊಳ್ಳುವಷ್ಟು ತಾಳ್ಮೆ, ಅರಿಯದಿದ್ದರೆ ಕೇಳುವಷ್ಟು ವಿನಯ ಅವನಲ್ಲಿದ್ದರೆ, ಆ ಅರ್ಧ ಗಂಟೆಯ ಓದು ತಾನು ಎಂದೂ ಕಾಣದ ಜನರಿಗೆ ಸಲ್ಲಿಸಿದ ಸೇವೆಯಾಗುತ್ತದೆ.